ಟೆಂಟ್ ಹೇರಿಕೊಂಡು ಹೊರಡುವ ಮುಂಚೆ: ದುರ್ಗ–ದಾವಣಗೆರೆ ಸೀಮೆಯಲ್ಲಿ ಒಂದು ಹಗಲು, ಒಂದು ರಾತ್ರಿ

ಶನಿವಾರ ಮಧ್ಯಾಹ್ನ ಡಿಕ್ಕಿಗೆ ಟೆಂಟ್ ಹಾಕಿಕೊಂಡು ಹೊರಡುತ್ತಾರೆ. ಸಂಜೆ ಐದೂವರೆಗೆ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನ ಗೇಟಿನಿಂದ ವಾಪಸ್. ಅಲ್ಲಿಂದ ಚಂದ್ರವಳ್ಳಿಗೆ ಬಂದರೆ ಅಲ್ಲೂ ಇಲ್ಲ. ಕತ್ತಲಲ್ಲಿ ಹಿರಿಯೂರಿನ ಕಡೆ ಹೋಗಿ, ಕೊನೆಗೆ ಹೈವೇ ಡಾಬಾದ ಹಿಂದೆ ಕಾರಿನಲ್ಲೇ ನಿದ್ದೆ. ಈ ಸೀಮೆಯಲ್ಲಿ ಕೆಡುವ ಪ್ರವಾಸಗಳು ಹೆಚ್ಚುಕಡಿಮೆ ಹೀಗೇ ಕೆಡುತ್ತವೆ. ಜಾಗ ಕಡಿಮೆ ಇದೆ ಅಂತಲ್ಲ, ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡುತ್ತಾರೆ.

ಇಲ್ಲಿ ನೋಡಲು ಚೆನ್ನಾಗಿರುವ ಜಾಗಗಳಲ್ಲಿ ಹೆಚ್ಚಿನವು ಒಂದೋ ಸಂರಕ್ಷಿತ ಸ್ಮಾರಕ, ಇಲ್ಲವೇ ವನ್ಯಜೀವಿ ಧಾಮ, ಇಲ್ಲವೇ ಜಲಾಶಯದ ಅಂಚು. ಅಲ್ಲಿ ಹಗಲು ಕಳೆಯಬಹುದು, ರಾತ್ರಿ ಮಲಗುವಂತಿಲ್ಲ. ಆದ್ದರಿಂದ ಹಗಲಿಗೆ ಒಂದು ಜಾಗ, ರಾತ್ರಿಗೆ ಇನ್ನೊಂದು ಜಾಗ ಅಂತ ಬೇರೆ ಮಾಡಿಕೊಳ್ಳಬೇಕು. ಅದರಲ್ಲೂ ರಾತ್ರಿಯದ್ದೇ ಮೊದಲು ಗೊತ್ತಾಗಬೇಕು.

ಹಂತ 1: ಮಲಗುವ ಜಾಗವನ್ನು ಮೂರು ದಿನ ಮುಂಚೆ ಗೊತ್ತು ಮಾಡಿ

ಮೊದಲು ಎಲ್ಲಿ ಆಗುವುದಿಲ್ಲ ಎಂಬುದನ್ನು ತಿಳಿದುಕೊಳ್ಳಿ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯದು. ಸಂಜೆಯಾದರೆ ಹೊರಗೆ ಕಳಿಸುತ್ತಾರೆ, ಒಳಗೆ ಒಲೆ ಹಚ್ಚುವಂತಿಲ್ಲ. ಜೋಗಿಮಟ್ಟಿ ಮತ್ತು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಜೀವಿ ಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಕ್ಕೆ ಕಾಲಿಡಲೂ ಅನುಮತಿ ಬೇಕು, ಬೆಂಕಿ ಹಚ್ಚುವುದು ಅಪರಾಧ. ‘ಗೇಟಿನಲ್ಲಿ ಮಾತಾಡಿಕೊಂಡರಾಯಿತು’ ಎಂಬ ಲೆಕ್ಕಾಚಾರ ಬೇಡ. ಗೇಟಿನಲ್ಲಿರುವ ಕಾವಲುಗಾರನಿಗೆ ರಾತ್ರಿ ಉಳಿಯಲು ಅನುಮತಿ ಕೊಡುವ ಅಧಿಕಾರವಿಲ್ಲ.

ಉಳಿಯುವ ದಾರಿ ಮೂರು. ಒಂದು, ಅರಣ್ಯ ಇಲಾಖೆಯ ಅತಿಥಿಗೃಹ. ಜೋಗಿಮಟ್ಟಿ ಬೆಟ್ಟದ ಮೇಲೆ ಇದೆ, ಆದರೆ ಚಿತ್ರದುರ್ಗದ ವಿಭಾಗೀಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ, ಲಿಖಿತ ಅನುಮತಿ ಕೈಯಲ್ಲಿ ಹಿಡಿದೇ ಹೊರಡಬೇಕು. ಎರಡು, ದಾವಣಗೆರೆ ಪಕ್ಕದ ಕೊಂಡಜ್ಜಿಯ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಶಿಬಿರ. ಶಾಲೆ, ಕಾಲೇಜು, ಸಂಘದ ತಂಡವಾದರೆ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು ಕೇಳಬಹುದು, ಇಬ್ಬರು ಸ್ನೇಹಿತರು ಬೈಕಿನಲ್ಲಿ ಹೋಗಿ ಇಳಿಯುವ ಜಾಗ ಅದಲ್ಲ. ಮೂರು, ಪರಿಚಯದವರ ಹೊಲ ಅಥವಾ ತೋಟದ ಮನೆಯ ಅಂಗಳ. ಮೂರರಲ್ಲಿ ನಮ್ಮ ಮತ ಮೂರನೆಯದಕ್ಕೇ. ಕಟಾವು ಮುಗಿದ ಹೊಲಕ್ಕಿಂತ ಒಳ್ಳೆಯ ಕ್ಯಾಂಪಿಂಗ್ ಜಾಗ ಈ ಎರಡು ಜಿಲ್ಲೆಯಲ್ಲಿ ಇಲ್ಲ.

ಪರಿಚಯವಿಲ್ಲದಿದ್ದರೂ ಕೇಳಬಹುದು. ಆದರೆ ಬೆಳಕಿರುವಾಗ, ಊರೊಳಗೆ ಹೋಗಿ ಕೇಳಿ. “ಯಜಮಾನ್ರೆ, ಬರೋ ಶನಿವಾರ ಒಂದು ರಾತ್ರಿ ನಿಮ್ಮ ಹೊಲದಾಗೆ ಟೆಂಟ್ ಹಾಕ್ಕೋಬೋದಾ? ನಾಲ್ಕು ಜನ ಇದೀವಿ, ಬೆಂಕಿ ಹಚ್ಚಲ್ಲ” ಎಂದರೆ ಸಾಕು. ಎಷ್ಟು ಜನ, ಎಷ್ಟು ದಿನ, ಬೆಂಕಿ ಉಂಟೋ ಇಲ್ಲವೋ, ಈ ಮೂರು ಗೊತ್ತಾದರೆ ಅವರಿಗೂ ನಿರಾಳ. ಒಪ್ಪಿದ ಮೇಲೆ ನಾಲ್ಕು ವಿಷಯ ಕೇಳಿ.

1. ರಾತ್ರಿ ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ, ನೀರೆತ್ತುವ ಮೋಟಾರನ್ನು ತಾನೇ ಚಾಲೂ ಮಾಡುವ ಆಟೋಸ್ಟಾರ್ಟರ್ ಇದೆಯಾ? ಇದನ್ನು ಕೇಳದವರೇ ರಾತ್ರಿ ಎರಡು ಗಂಟೆಗೆ ನೀರಿನಲ್ಲಿ ಎದ್ದು ಕೂರುವುದು. ಒಣಗಿದ ಕಾಲುವೆ ಟೆಂಟಿಗೆ ಹೇಳಿ ಮಾಡಿಸಿದ ಸಮತಟ್ಟು ಜಾಗದ ಹಾಗೆ ಕಾಣುತ್ತದೆ. ಕರೆಂಟ್ ಬಂದೊಡನೆ ಅದು ಮತ್ತೆ ಕಾಲುವೆ.
2. ಸುತ್ತಮುತ್ತ ಹಂದಿಗೆ ತಂತಿ ಕಟ್ಟಿದ್ದಾರಾ? ಮೆಕ್ಕೆಜೋಳ, ಶೇಂಗಾ ಕಾಯುವ ಕಾಲದಲ್ಲಿ ಕೆಲವರು ನೇರ ಕರೆಂಟನ್ನೇ ತಂತಿಗೆ ಬಿಡುತ್ತಾರೆ. ಕಾನೂನಿಗೆ ವಿರುದ್ಧ, ಆದರೂ ಬಿಡುತ್ತಾರೆ. ಯಾವ ಕಡೆ ಎಂದು ತಿಳಿದುಕೊಂಡು, ಕತ್ತಲಾದ ಮೇಲೆ ಆ ಕಡೆ ಹೆಜ್ಜೆ ಇಡಬೇಡಿ.
3. ಕುರಿ ಮಂದೆ ತರುಬಿದ ಜಾಗ ಯಾವುದು? ಅಲ್ಲಿ ಉಣ್ಣಿ ಹುಳು ಇರುತ್ತವೆ, ವಾರವಿಡೀ ಕಾಲು ಕೆರೆದುಕೊಳ್ಳಬೇಕು. ಮಂದೆ ಈಗಲೂ ಇದ್ದರೆ ಅದರ ನಾಯಿಗಳು ನಿಮ್ಮನ್ನು ರಾತ್ರಿಯಿಡೀ ಪ್ರಶ್ನಿಸುತ್ತಿರುತ್ತವೆ.
4. ಕುಡಿಯುವ ನೀರು ಎಲ್ಲಿ?

ಹಂತ 2: ತಿಂಗಳು ನೋಡಿಕೊಳ್ಳಿ

ನವೆಂಬರ್ ಎರಡನೇ ವಾರದಿಂದ ಫೆಬ್ರುವರಿ ಕೊನೆಯವರೆಗೆ ಹೋಗಿ. ಹೊಲ ಖಾಲಿಯಿರುತ್ತದೆ, ಮಳೆಯ ಕಾಟ ಬಹುಪಾಲು ಮುಗಿದಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮಳೆಗಿಂತ ಗಾಳಿಯ ಆಟ ಹೆಚ್ಚು. ಜೋಗಿಮಟ್ಟಿ, ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಗಾಳಿಯಂತ್ರ ಕಾಣುವ ಏರಿನ ಮೇಲೆ ಆ ತಿಂಗಳುಗಳಲ್ಲಿ ಟೆಂಟ್ ನಿಲ್ಲುವುದಿಲ್ಲ, ಕಂಬಿ ಮುರಿಯುತ್ತದೆ. ಉತ್ತರೆಯಿಂದ ಚಿತ್ತೆಯವರೆಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ, ಜೋರು ಮಳೆಯ ಕಾಲ. ಒಣಹಳ್ಳ ಒಂದೇ ಗಂಟೆಯಲ್ಲಿ ತುಂಬಿ ಬರುವುದು ಆಗಲೇ. ಮಾರ್ಚ್ ಮೇಲೆ ಬಂಡೆ ಹಗಲೆಲ್ಲ ಕಾದು ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ. ಅಶ್ವಿನಿ, ಭರಣಿ ಮಳೆ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದವರೆಗಿನದು, ಸಂಜೆ ಹೊತ್ತಿಗೆ ಗುಡುಗು ಸಿಡಿಲಿನ ಸಮೇತ ಬರುತ್ತದೆ.

ಹಂತ 3: ಹಗಲಿನ ಜಾಗ ಆರಿಸಿ

ಒಂದು ದಿನಕ್ಕೆ ಎರಡು ಜಾಗ ಸಾಕು. ಕೋಟೆ, ಜೋಗಿಮಟ್ಟಿ, ವಾಣಿವಿಲಾಸ ಸಾಗರ ಮೂರನ್ನೂ ಒಂದೇ ದಿನಕ್ಕೆ ತುರುಕಿದವರು ಮೂರನ್ನೂ ಕಾರಿನ ಕಿಟಕಿಯಿಂದಲೇ ನೋಡಿ ಬರುತ್ತಾರೆ.

ಕೋಟೆ ಮತ್ತು ಚಂದ್ರವಳ್ಳಿ. ಮೊದಲ ಸಲ ಹೋಗುವವರಿಗೆ ಇದೇ ಸರಿ. ಕೋಟೆಗೆ ಬಾಗಿಲು ತೆರೆದ ಕೂಡಲೇ ಹೋಗಿ, ಹತ್ತೂವರೆಯ ಒಳಗೆ ಮೇಲಿನ ಭಾಗ ಮುಗಿಸಿ. ಏಕನಾಥೇಶ್ವರಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಎಲ್ಲ ಸೇರಿ ಮೂರು ತಾಸು ಬೇಕು. ಹಿಡಿ ಗಟ್ಟಿಯಿರುವ ಶೂ ಹಾಕಿ. ಬಂಡೆಗೆ ಕೊರೆದ ಮೆಟ್ಟಿಲು ಕಾಲು ತಾಗಿ ತಾಗಿ ನುಣುಪಾಗಿವೆ, ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಚಂದ್ರವಳ್ಳಿ ಊರಿನಿಂದ ಮೂರು ಕಿಲೋಮೀಟರ್. ಅಂಕಲಿ ಮಠದ ನೆಲದಡಿಯ ಕೋಣೆಗಳು ಪೂರ್ತಿ ಕತ್ತಲು. ಮೊಬೈಲ್ ಬೆಳಕು ನಂಬಿಕೊಂಡು ಇಳಿಯಬೇಡಿ, ಪ್ರತಿಯೊಬ್ಬರ ಕೈಯಲ್ಲೂ ಟಾರ್ಚ್ ಇರಲಿ, ದಾರಿ ಬಲ್ಲವರು ಜೊತೆಗಿರಲಿ. ಕೆರೆಗೆ ಇಳಿಯಬೇಡಿ. ಎರಡೂ ಕಡೆ ಬಂಡೆಯ ಸಂದಿಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಸೆಂಟ್, ಸಿಗರೇಟು, ಕೂಗಾಟ ಮೂರೂ ಬೇಡ. ಜೇನು ಎದ್ದರೆ ಕೈ ಬೀಸಬೇಡಿ, ಟವೆಲಿನಿಂದ ಮುಖ ತಲೆ ಮುಚ್ಚಿಕೊಂಡು ಓಡಿ. ನೀರಿಗೆ ಹಾರುವುದು ಉಪಾಯವಲ್ಲ, ತಲೆ ಎತ್ತುವವರೆಗೂ ಅವು ಮೇಲೇ ಕಾಯುತ್ತವೆ.

ಜೋಗಿಮಟ್ಟಿ. ಊರಿಗೆ ಇಷ್ಟು ಹತ್ತಿರ ಇಂಥ ಕಾಡು ಈ ಒಣಸೀಮೆಯಲ್ಲಿ ಬೇರೆ ಇಲ್ಲ. ಬೆಳಿಗ್ಗೆಯೇ ಹೋಗಿ, ಗೇಟಿನಲ್ಲಿ ವಾಪಸಾಗಬೇಕಾದ ಸಮಯ ಕೇಳಿಕೊಳ್ಳಿ. ಮೇಲೆ ಅಂಗಡಿಯಿಲ್ಲ, ನೀರಿಲ್ಲ. ಬಾದೆಹುಲ್ಲು ಎದೆಮಟ್ಟ ಬೆಳೆದಿರುವಾಗ ದಾರಿ ಬಿಟ್ಟು ಒಳಗೆ ನುಗ್ಗಬೇಡಿ. ಕರಡಿ, ಚಿರತೆ ಎರಡೂ ಇವೆ. ಸೀತಾಫಲ ಹಣ್ಣಾಗುವ ಕಾಲದಲ್ಲಿ ಕರಡಿ ಗಿಡದ ಬುಡದಲ್ಲೇ ಇರುತ್ತದೆ. ಚಿಕ್ಕ ಮಕ್ಕಳಿದ್ದರೆ ಬುಡದಲ್ಲಿರುವ ಆಡುಮಲ್ಲೇಶ್ವರದ ಕಿರು ಮೃಗಾಲಯಕ್ಕೇ ನಿಲ್ಲಿಸಿ, ಅವರಿಗೆ ಅದೇ ಸಾಕು.

ವಾಣಿವಿಲಾಸ ಸಾಗರ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟು. ಇಲ್ಲಿ ಎಡವುವುದು ಮೊಬೈಲಿನ ಮ್ಯಾಪ್ ನಂಬಿ. ಕೋಡಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಈ ನಡುವೆ ದಶಕಗಟ್ಟಲೆ ನೀರು ಕೆಳಗೇ ಇತ್ತು. ಹಳೆಯ ಉಪಗ್ರಹ ಚಿತ್ರದಲ್ಲಿ ವಿಶಾಲ ಬಯಲಾಗಿ ಕಾಣುವ ಹಿನ್ನೀರಿನ ದಡ ಇವತ್ತು ನೀರಿನಡಿ ಇರಬಹುದು. ಹೊರಡುವ ವಾರ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ನೀರು ಇಳಿದಿದ್ದರೆ ಅಪಾಯ ಬೇರೆ ಥರ. ಮೇಲೆ ಒಣಗಿ ಬಿರುಕು ಬಿಟ್ಟ ಹೂಳು ಗಟ್ಟಿ ನೆಲದ ಹಾಗೆ ಕಾಣುತ್ತದೆ, ಕಾರಿನ ಗಾಲಿ ಮೊಣಕಾಲುದ್ದ ಹೂತುಹೋಗುತ್ತದೆ. ಉದ್ದ ಕೋಲು ಚುಚ್ಚಿ ನೋಡಿ. ಒಂದು ಗೇಣು ಸಲೀಸಾಗಿ ಇಳಿದರೆ ಗಾಡಿ ಅಲ್ಲಿಗೇ ನಿಲ್ಲಿಸಿ.

ಸೂಳೆಕೆರೆ ಮತ್ತು ಸಂತೇಬೆನ್ನೂರು. ಚನ್ನಗಿರಿ ತಾಲ್ಲೂಕಿನ ಈ ಜೋಡಿ ಮನೆಮಂದಿಯ ಜೊತೆ ಹೋಗುವವರಿಗೆ. ಬೆಳಿಗ್ಗೆ ಸಂತೇಬೆನ್ನೂರಿನ ಪುಷ್ಕರಣಿ, ಬಿಸಿಲು ಇಳಿದ ಮೇಲೆ ಸೂಳೆಕೆರೆಯ, ಅಂದರೆ ಶಾಂತಿಸಾಗರದ, ಏರಿ. ಪುಷ್ಕರಣಿ ಸ್ಮಾರಕ, ಬುತ್ತಿ ಬಿಚ್ಚುವ ಜಾಗವಲ್ಲ. ರಾತ್ರಿಗೆ ಅಡಿಕೆ ತೋಟದೊಳಗೆ ಟೆಂಟ್ ಹಾಕಬೇಡಿ. ನೆಲ ತೇವ, ಸೊಳ್ಳೆ ಸಿಕ್ಕಾಪಟ್ಟೆ, ಒಣಗಿದ ಸೋಗೆ ಹಾಳೆ ಸಮೇತ ಮೇಲಿಂದ ಬೀಳುತ್ತದೆ. ತೋಟದ ಮನೆಯ ಮುಂದಿನ ಅಡಿಕೆ ಒಣಗಿಸುವ ಅಂಗಳ ಖಾಲಿಯಿದ್ದರೆ ಅದೇ ಲೇಸು.

ಕೊಂಡಜ್ಜಿ, ಆನಗೋಡು. ದಾವಣಗೆರೆಯವರು ಅರ್ಧ ದಿನಕ್ಕೆ ಹೋಗಿಬರಲು. ಕೊಂಡಜ್ಜಿಯಲ್ಲಿ ಕೆರೆ ಮತ್ತು ಗುಡ್ಡ, ಹೈವೇ ಪಕ್ಕದ ಆನಗೋಡಿನಲ್ಲಿ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯ. ಟೆಂಟ್ ಹಾಕುವುದನ್ನು ಕಲಿಯುವವರು ಮೊದಲು ಮನೆಯ ತಾರಸಿ ಮೇಲೆ, ಆಮೇಲೆ ಇಂಥ ಹತ್ತಿರದ ಊರಿನ ಹೊಲದಲ್ಲಿ ಅಭ್ಯಾಸ ಮಾಡಲಿ.

ರಂಗಯ್ಯನದುರ್ಗ ಮತ್ತು ಬ್ರಹ್ಮಗಿರಿ. ಎರಡೂ ಅನುಭವಿಗಳಿಗೆ. ರಂಗಯ್ಯನದುರ್ಗ ಕೊಂಡುಕುರಿಗಾಗಿ (ನಾಲ್ಕು ಕೊಂಬಿನ ಹುಲ್ಲೆ) 2011ರಲ್ಲಿ ಘೋಷಿಸಿದ ಧಾಮ, ವಲಯ ಅರಣ್ಯ ಕಚೇರಿಯ ಅನುಮತಿ ಇಲ್ಲದೆ ಜಗಳೂರಿನವರೆಗೆ ಹೋಗಬೇಡಿ. ಕೊಂಡುಕುರಿ ಕಂಡೇ ಕಾಣುತ್ತದೆ ಎಂಬ ಆಸೆಯೂ ಬೇಡ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಬೆಟ್ಟಗಳನ್ನು ಬಿಸಿಲೇರುವ ಮುಂಚೆ ಹತ್ತಿ ನಾಲ್ಕು ಗಂಟೆಯೊಳಗೆ ಇಳಿದುಬಿಡಿ. ಮುಸ್ಸಂಜೆ ಅಲ್ಲಿ ಕರಡಿಯ ಹೊತ್ತು.

ಹಂತ 4: ಸಾಮಾನು ಜೋಡಿಸಿ

ಪೇಟೆಯಲ್ಲಿ ಸಿಗುವ ‘ಇಬ್ಬರ ಟೆಂಟ್’ನಲ್ಲಿ ಇಬ್ಬರು ಮಲಗಿದರೆ ಚೀಲಕ್ಕೆ ಜಾಗವಿಲ್ಲ. ಇಬ್ಬರಿಗೆ ಮೂರು ಜನರದ್ದು, ಮೂವರಿಗೆ ನಾಲ್ಕು ಜನರದ್ದು ತನ್ನಿ. ಮೇಲೆ ಪ್ರತ್ಯೇಕ ಹೊದಿಕೆ ಇರುವ ಎರಡು ಪದರದ್ದೇ ಇರಲಿ. ಒಂದೇ ಪದರದ್ದಾದರೆ ಡಿಸೆಂಬರ್‌ನಲ್ಲಿ ಉಸಿರಿನ ತೇವ ಒಳಗೇ ನೀರಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಟೆಂಟ್ ಸೋರುತ್ತಿದೆ ಎಂದು ಅಂಗಡಿಯವನನ್ನು ಬೈಯುವವರಲ್ಲಿ ಹಲವರ ಸಮಸ್ಯೆ ಇದೇ.

ಟೆಂಟಿನ ಜೊತೆ ಕೊಡುವ ತೆಳು ಗೂಟ ನಮ್ಮ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಆಗುವುದಿಲ್ಲ. ಮೂರು ಇಂಚಿನ ಕೆಳಗೆ ಗರಸು ಸಿಕ್ಕಿ ಬಾಗಿಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 8 ಎಂ.ಎಂ. ಕಬ್ಬಿಣದ ಸರಳನ್ನು 9 ಇಂಚಿನ ತುಂಡುಗಳಾಗಿ ಕತ್ತರಿಸಿ, ಒಂದು ತುದಿ ಬಗ್ಗಿಸಿ ಕೊಡಲು ಹೇಳಿ. ಹನ್ನೆರಡು ಸಾಕು. ಇದರ ಜೊತೆಗೆ:

- ನೆಲಕ್ಕೆ ತಾಡಪಾಲು, 20 ಮೀಟರ್ ನೈಲಾನ್ ಹಗ್ಗ, ಸುತ್ತಿಗೆ
- ತಲೆಗೆ ಕಟ್ಟುವ ಟಾರ್ಚ್, ತಲೆಗೊಂದು
- ಜಮಖಾನ ಮತ್ತು ಕಂಬಳಿ. ಚಳ್ಳಕೆರೆ ಸೀಮೆಯ ಕುರಿಯುಣ್ಣೆ ಕಂಬಳಿ ಭಾರ, ಚುಚ್ಚುತ್ತದೆ, ಆದರೆ ಸ್ವಲ್ಪ ನೆನೆದರೂ ಬೆಚ್ಚಗಿಡುತ್ತದೆ
- ಕುರ್ಪಿ, ಕಸಕ್ಕೆ ಎರಡು ಗೋಣಿಚೀಲ
- ಪಂಕ್ಚರ್ ಕಿಟ್. ಬಳ್ಳಾರಿ ಜಾಲಿಯ ಮುಳ್ಳು ಬೈಕಿನ ಟೈರನ್ನೂ ಬಿಡುವುದಿಲ್ಲ

ಹಂತ 5: ನೀರು, ಬುತ್ತಿ

ಕುಡಿಯಲು ಒಬ್ಬರಿಗೆ ದಿನಕ್ಕೆ 4 ಲೀಟರ್, ಮಾರ್ಚ್ ಮೇಲೆ 6. ಅಡುಗೆ, ಕೈಕಾಲಿಗೆ ಮತ್ತೆ 3. ನಾಲ್ಕು ಜನರಿಗೆ ಎರಡು 20 ಲೀಟರ್ ಕ್ಯಾನ್ ಎಂದು ಲೆಕ್ಕ ಇಟ್ಟುಕೊಳ್ಳಿ. ಈ ಸೀಮೆಯ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುದಿಸಿದರೆ ಅದು ಹೋಗುವುದಿಲ್ಲ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಬಹಳ ಕಡೆ ಯಂತ್ರಕ್ಕೆ ನಾಣ್ಯವೇ ಬೇಕು. ಐನೂರರ ನೋಟು ಹಿಡಿದು ಅದರ ಮುಂದೆ ನಿಂತು ಪ್ರಯೋಜನವಿಲ್ಲ, ಐದು ರೂಪಾಯಿಯ ನಾಲ್ಕಾರು ನಾಣ್ಯ ಜೇಬಿನಲ್ಲಿರಲಿ.

ಮೊದಲ ರಾತ್ರಿ ಅಡುಗೆ ಇಟ್ಟುಕೊಳ್ಳಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಳ್ಳಾಗಡ್ಡೆ, ಸಂಜೆಗೆ ಮಂಡಕ್ಕಿ ಕಟ್ಟಿಕೊಂಡರೆ ಆಯಿತು. ಮೊಸರನ್ನ ಒಯ್ಯುವುದಾದರೆ ಹಾಲು ಹೆಚ್ಚು, ಮೊಸರು ಒಂದೆರಡು ಚಮಚ ಮಾತ್ರ ಹಾಕಿ ಕಲಸಿ, ಇಲ್ಲದಿದ್ದರೆ ಸಂಜೆಗೆ ಹುಳಿ ಬರುತ್ತದೆ. ಚಹಾ ಬೇಕೇ ಬೇಕೆಂದರೆ ಚಿಕ್ಕ ಸಿಲಿಂಡರಿನ ಸ್ಟೌ ತನ್ನಿ. ಗಾಳಿಗೆ ತಗಡು ಅಡ್ಡ ಇಡುವಾಗ ಸಿಲಿಂಡರನ್ನು ಸುತ್ತಲೂ ಮುಚ್ಚಬೇಡಿ, ಬಿಸಿ ತಿರುಗಿ ಅದಕ್ಕೇ ಬಡಿಯುತ್ತದೆ. ಮಳೆ ಬಂತೆಂದು ಟೆಂಟಿನೊಳಗೆ ಸ್ಟೌ ಹಚ್ಚಿದರೆ ವಿಷಗಾಳಿ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಹಂತ 6: ಟೆಂಟ್ ಹಾಕುವ ಕ್ರಮ

ಡಿಸೆಂಬರ್‌ನಲ್ಲಿ ಆರು ಗಂಟೆಗೆ ಹೊತ್ತು ಮುಳುಗುತ್ತದೆ. ನಾಲ್ಕೂವರೆಗೆ ಜಾಗದಲ್ಲಿರಿ.

1. ಜಾಗ: ಹಳೆಯ ಕಣ ಸಿಕ್ಕರೆ ಬೇರೆ ಹುಡುಕಬೇಡಿ, ಗಟ್ಟಿ, ಸಮತಟ್ಟು, ಬಯಲು. ಬಣವೆಯಿಂದ, ಬದುವಿನಿಂದ, ಕಲ್ಲುಗುಡ್ಡೆಯಿಂದ ಕನಿಷ್ಠ 15 ಹೆಜ್ಜೆ ದೂರ. ಇಲಿ ಇರುವಲ್ಲಿ ಹಾವು ಇರುತ್ತದೆ, ಈ ಮೂರರಲ್ಲೂ ಇಲಿ ಇರುತ್ತವೆ. ಹಳ್ಳದ ಒಳಗೆ, ತೆಂಗಿನ ಮರದಡಿ ಬೇಡ. ಕಪ್ಪು ಮಣ್ಣಿನ ಎರೆಹೊಲ ಮಳೆ ಬಿದ್ದರೆ ಗೋಂದು. ಗೂಟ ಸಡಿಲವಾಗುತ್ತದೆ, ಕಾರು ಹೊರಬರುವುದಿಲ್ಲ. ಮಸಾರಿಯೇ ಒಳ್ಳೆಯದು.

2. ಮುಳ್ಳು ತೆಗೆಯುವುದು: ಕಣ್ಣಿಗೆ ಕಾಣದ್ದು ಹಾಸಿದ ಮೇಲೆ ಕಾಣುತ್ತದೆ. ಮೊದಲು ಶೂ ಕಾಲಿನಿಂದ ಕೆರೆದು ಗುಡಿಸಿ, ಆಮೇಲೆ ಕೂತು, ಬಿಸಿಲು ಓರೆಯಾಗಿ ಬೀಳುವ ಕಡೆಗೆ ಮುಖ ಮಾಡಿ ನೆಲ ನೋಡಿ. ಜಾಲಿ ಮುಳ್ಳು ಬೆಳ್ಳಗೆ ಹೊಳೆಯುತ್ತದೆ. ಕಟಾವಾದ ಮೆಕ್ಕೆಜೋಳದ ಕೂಳೆ ಮುಳ್ಳಿಗಿಂತ ಕೆಟ್ಟದ್ದು, ಓರೆಯಾಗಿ ಕೊಯ್ದ ತುದಿ ತಾಡಪಾಲನ್ನೂ ಸೀಳುತ್ತದೆ. ಬುಡಸಮೇತ ಕಿತ್ತುಹಾಕಿ.

3. ತಾಡಪಾಲು: ಟೆಂಟಿನ ತಳಕ್ಕಿಂತ ಎಲ್ಲ ಕಡೆ ಎರಡು ಇಂಚು ಒಳಗಿರುವಂತೆ ಮಡಚಿ. ಹೊರಗೆ ಚಾಚಿದರೆ ಮೇಲಿಂದ ಇಳಿದ ಮಳೆನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಿನಡಿಗೆ ತರುತ್ತದೆ. ಬಹಳ ಜನ ದೊಡ್ಡದಾಗಿ ಹಾಸಿದ್ದೇ ಜಾಣತನ ಎಂದುಕೊಂಡಿರುತ್ತಾರೆ.

4. ಬಾಗಿಲ ದಿಕ್ಕು: ಒಂದು ಹಿಡಿ ಒಣಮಣ್ಣು ಎದೆಮಟ್ಟದಿಂದ ಉದುರಿಸಿ. ಧೂಳು ಹೋಗುವ ಕಡೆಗೆ ಬಾಗಿಲಿರಲಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ.

5. ಗೂಟ: ಗಾಳಿ ಬರುವ ಕಡೆಯ ಎರಡು ಮೂಲೆ ಮೊದಲು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ನೆಟ್ಟಗೆ ಹೊಡೆದರೆ ಗಾಳಿ ಎಳೆದಾಗ ಕಿತ್ತುಬರುತ್ತದೆ. ಬಂಡೆಯ ಮೇಲೆ ಗೂಟ ಇಳಿಯದಿದ್ದರೆ ಹಗ್ಗವನ್ನು 10 ಕೆ.ಜಿ.ಯಾದರೂ ತೂಗುವ ಕಲ್ಲಿಗೆ ಎರಡು ಸುತ್ತು ಸುತ್ತಿ ಕಟ್ಟಿ. ಕಲ್ಲು ಎತ್ತುವಾಗ ಆಚೆಯ ಅಂಚು ಹಿಡಿದು ನಿಮ್ಮ ಕಡೆಗೆ ವಾಲಿಸಿ, ಆಗ ಅಡಿಯಲ್ಲಿರುವ ಚೇಳು ಆಚೆಗೆ ಓಡುತ್ತದೆ.

6. ಜಿಪ್: ಹಾಕಿದ ಕ್ಷಣದಿಂದ ಬಿಚ್ಚುವವರೆಗೆ ಮುಚ್ಚಿಯೇ ಇರಬೇಕು.

ಹಂತ 7: ಬೆಂಕಿ

ಜನವರಿಯಿಂದ ಮೇ ತನಕ ಬೇಡವೇ ಬೇಡ. ಒಣಹುಲ್ಲು, ಗಾಳಿ, ಪಕ್ಕದಲ್ಲಿ ಯಾರದೋ ವರ್ಷದ ಮೇವು. ಉಳಿದ ಕಾಲದಲ್ಲಿ ಹೊಲದವರು ಒಪ್ಪಿದರೆ ಮಾತ್ರ, ಹಳೆಯ ಕಬ್ಬಿಣದ ಬಾಂಡ್ಲಿಯೊಳಗೆ, ಟೆಂಟಿನಿಂದ ಗಾಳಿ ಹೋಗುವ ಕಡೆಗೆ ಹತ್ತು ಹೆಜ್ಜೆ ಆಚೆ ಹಚ್ಚಿ. ಬಂಡೆಯ ಮೇಲೆ ನೇರವಾಗಿ ಹಚ್ಚಿದರೆ ಕಲ್ಲು ಸಿಡಿದು ಚಕ್ಕೆ ಹಾರುತ್ತದೆ. ಆರಿಸುವಾಗ ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ. ಬೂದಿಯೊಳಗೆ ಅಂಗೈ ಇಡಲು ಆಗುವವರೆಗೆ ಆರಿಲ್ಲ ಎಂದೇ ಲೆಕ್ಕ.

ಹಂತ 8: ರಾತ್ರಿಯ ಎಚ್ಚರಿಕೆ

ಈ ಸೂಚನೆಗಳು ಕಂಡರೆ ತಡಮಾಡಬೇಡಿ. ದೂರದಲ್ಲಿ ಮಿಂಚು, ಹಳ್ಳದ ಮೇಲ್ಗಡೆ ಮೋಡ: ಹಳ್ಳದಿಂದ ಏರಿಗೆ ಬನ್ನಿ. ಮಿಂಚಿದ ಕೂಡಲೇ ಗುಡುಗಿದರೆ ಕಾರಿನೊಳಗೆ ಕೂತುಕೊಳ್ಳಿ, ಬಯಲಿನ ಒಂಟಿಮರದ ಕೆಳಗೆ ನಿಲ್ಲಬೇಡಿ. ಊರ ನಾಯಿಗಳು ಬೊಗಳುವುದನ್ನು ಥಟ್ಟನೆ ನಿಲ್ಲಿಸಿ ಮನೆಯೊಳಗೆ ನುಸುಳಿದರೆ ಚಿರತೆ ಇರಬಹುದು. ಮಕ್ಕಳನ್ನು ಒಬ್ಬರೇ ಹೊರಗೆ ಬಿಡಬೇಡಿ, ಮೂತ್ರಕ್ಕೂ ಇಬ್ಬರು ಹೋಗಿ.

ತಿಂದುಳಿದದ್ದು ಟೆಂಟಿನಲ್ಲಿ ಬೇಡ, ಕಾರಿನೊಳಗಿಡಿ. ಶೂಗಳನ್ನು ಒಳಗಿಟ್ಟುಕೊಳ್ಳಿ, ಆದರೂ ಹಾಕುವ ಮುಂಚೆ ಬಡಿದು ಕೊಡವಿ. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ರಾತ್ರಿಯೇ ಕಚ್ಚುವುದು. ನೋವು, ಊತ ಇಲ್ಲದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡರೆ ಗಾಯ ಹುಡುಕುತ್ತಾ ಕೂರಬೇಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ನಾಟಿ ಔಷಧ ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಚಿತ್ರದುರ್ಗದ ಜಿಲ್ಲಾಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಸಂಜೆ ಬೆಳಕಿನಲ್ಲೇ ನಡೆದು ನೋಡಿಟ್ಟುಕೊಂಡಿರಬೇಕು.

ಹಂತ 9: ಬೆಳಿಗ್ಗೆ ಜಾಗ ಬಿಡುವುದು

ಶೌಚಕ್ಕೆ ಕುರ್ಪಿಯಿಂದ ಒಂದು ಗೇಣು ಗುಂಡಿ ತೆಗೆದು ಮುಚ್ಚಿ, ನೀರಿನ ಜಾಗದಿಂದ 200 ಅಡಿ ದೂರ. ಇಬ್ಬನಿಗೆ ನೆನೆದ ಟೆಂಟನ್ನು ಹಾಗೇ ಸುತ್ತಬೇಡಿ, ಎರಡೇ ದಿನಕ್ಕೆ ಕಪ್ಪುಚುಕ್ಕೆ ಹಿಡಿದು ನಾರುತ್ತದೆ. ಎಂಟು ಗಂಟೆಯ ಬಿಸಿಲಿಗೆ ಮಗುಚಿ ಹಾಕಿ ತಳವನ್ನೂ ಒಣಗಿಸಿ. ಕಟ್ಟಿದ ಕಲ್ಲುಗಳನ್ನು ಇದ್ದಲ್ಲೇ ಇಡಿ. ಕೊನೆಗೆ ಗೂಟ ಎಣಿಸಿ. ಹನ್ನೆರಡು ತಂದಿದ್ದರೆ ಹನ್ನೆರಡೂ ಕೈಗೆ ಬಂದಿರಬೇಕು. ಹನ್ನೊಂದಿದ್ದರೆ ಮಂಡಿಯೂರಿ ಹುಡುಕಿ, ಮಣ್ಣಲ್ಲಿ ಉಳಿದ ಆ ಒಂದು ಸರಳು ಮುಂದಿನ ಬಿತ್ತನೆಗೆ ಬರುವ ಎತ್ತಿನ ಗೊರಸಿಗೋ ಟ್ರ್ಯಾಕ್ಟರಿನ ಟೈರಿಗೋ ಸಿಗುತ್ತದೆ.